‘ಲೂಸಿಂಗ್ ಮೈ ರಿಲಿಜನ್’ ಎಂಬ ಗೀತದ ಅರ್ಥವಿಚಾರ

೧

ಕಾವ್ಯಕ್ಕೆ ಅರ್ಥವನ್ನು ಹೇಳುವವರಲ್ಲಿ ಮೂರು ಪಂಗಡಗಳುಂಟು. ಕವಿಯ ಅಭಿಪ್ರಾಯವೇ ಅರ್ಥವೆನ್ನುವವರು ಕೆಲವರು. ಶಬ್ದದಿಂದ ಹೊರಡುವುದೇ ಅರ್ಥವೆನ್ನುವವರು ಕೆಲವರು. ಕೇಳಿದವನ ಹೃದಯದಲ್ಲಿ ಮೂಡಿದುದೇ ಅರ್ಥವೆನ್ನುವವರು ಮತ್ತೆ ಕೆಲವರು. ಈ ಮೂವರಿಗೂ ಏಕಕಾಲದಲ್ಲಿ ಆಶ್ರಯವನ್ನಿತ್ತು, ಮೂವತ್ತು ವರ್ಷಗಳಿಗೂ ಮೀರಿ ವಿವಾದಕ್ಕೆ ವಿಷಯವಾಗಿ ನಿಂತಿರುವ ಗೀತವೊಂದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಹುಟ್ಟಿತು. ೧೯೯೧ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ‘ಆರ್. ಇ. ಎಂ.’ ಎಂಬ ಗಾಯಕಗೋಷ್ಠಿಯು ಹೊರತಂದ ‘ಲೂಸಿಂಗ್ ಮೈ ರಿಲಿಜನ್’ ಎಂಬುದೇ ಆ ಗೀತ. ಅಕ್ಷರಶಃ ನೋಡಿದರೆ ‘ನನ್ನ ಮತಶ್ರದ್ಧೆಯನ್ನು ಕಳೆದುಕೊಳ್ಳುತ್ತಿದ್ದೇನೆ’ ಎಂದು ಈ ಶೀರ್ಷಿಕೆಗೆ ಅರ್ಥವಾಗುತ್ತದೆ. ಲೋಕದ ಬಹುಜನರು ಅರ್ಥಮಾಡಿಕೊಂಡುದೂ ಹಾಗೆಯೇ. ಗೀತವನ್ನು ರಚಿಸಿದವನಾದರೋ, ತಾನು ಹೇಳಿದುದು ಅದಲ್ಲವೆಂದು ಹಲವು ಸಲ ಸ್ಪಷ್ಟಪಡಿಸಿದನು. ಹಾಗಿದ್ದರೂ ಮೊದಲನೆಯ ಅರ್ಥವು ಅಳಿಯಲಿಲ್ಲ.

ಸಾಹಿತ್ಯವನ್ನು ಬೋಧಿಸತಕ್ಕವರಿಗೆ ಇದು ಕೇವಲ ಕುತೂಹಲದ ವಿಷಯವಲ್ಲ. ಕವಿಯ ಮಾತನ್ನು ನಂಬಿ ಲಕ್ಷಾಂತರ ಶ್ರೋತೃಗಳನ್ನು ಅಜ್ಞರೆನ್ನಬೇಕೋ, ಶ್ರೋತೃಗಳ ಅನುಭವವನ್ನು ಗೌರವಿಸಿ ಕವಿಯನ್ನು ಅವನ ಕೃತಿಗೇ ಹೊರಗಿನವನನ್ನಾಗಿ ಮಾಡಬೇಕೋ ಎಂಬ ಸಂಕಟವು ಪ್ರತಿಯೊಂದು ಪಾಠಶಾಲೆಯಲ್ಲಿಯೂ ಒಂದಲ್ಲ ಒಂದು ಪದ್ಯದ ನಿಮಿತ್ತವಾಗಿ ಎದುರಾಗತಕ್ಕದ್ದೇ. ಶಬ್ದಾರ್ಥವಿಚಾರದಲ್ಲಿ ಪ್ರಾಚೀನರು ಹಾಕಿಕೊಟ್ಟ ದಾರಿಯಲ್ಲಿ ನಡೆದರೆ ಈ ಸಂಕಟಕ್ಕೆ ಪರಿಹಾರವು ದೊರೆಯುವುದೆಂಬುದನ್ನು, ಗೀತದ ಚರಿತ್ರೆಯನ್ನು ಮೊದಲು ನಿರೂಪಿಸಿ, ಅನಂತರ ತೋರಿಸಬಹುದು.

೨

ಆರ್. ಇ. ಎಂ. ಗೋಷ್ಠಿಯು ೧೯೮೦ರಲ್ಲಿ ಜಾರ್ಜಿಯಾ ಸಂಸ್ಥಾನದ ಅಥೆನ್ಸ್ ಎಂಬ ವಿಶ್ವವಿದ್ಯಾಲಯಪಟ್ಟಣದಲ್ಲಿ ಹುಟ್ಟಿತು. ಗಾಯಕನೂ ಸಾಹಿತ್ಯಕರ್ತನೂ ಆದವನು ಮೈಕೇಲ್ ಸ್ಟೈಪ್. ಗಿಟಾರ್ ವಾದಕನು ಪೀಟರ್ ಬಕ್; ಮಂದ್ರಗಿಟಾರನ್ನು ನುಡಿಸುತ್ತಿದ್ದವನು ಮೈಕ್ ಮಿಲ್ಸ್; ತಾಳವಾದ್ಯದವನು ಬಿಲ್ ಬೆರಿ. ಸ್ಟೈಪನು ೧೯೬೦ರಲ್ಲಿ ಜಾರ್ಜಿಯಾದ ಡೆಕಾಟರ್ ಎಂಬ ಊರಿನಲ್ಲಿ ಜನಿಸಿದವನು; ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡುತ್ತಿದ್ದವನು. ಇವನು ಅಮೆರಿಕೆಯ ದಕ್ಷಿಣ ಸೀಮೆಯವನೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಚಾರವೆಲ್ಲವೂ ಈ ಒಂದು ಅಂಶವನ್ನು ಅವಲಂಬಿಸಿದೆ. ಗೋಷ್ಠಿಯ ಮೊದಲನೆಯ ಗಾನಸಭೆ ೧೯೮೦ನೆಯ ಏಪ್ರಿಲ್ ೫ನೆಯ ತಾರೀಖು, ಆರಾಧನೆ ನಿಂತುಹೋಗಿದ್ದ ಒಂದು ಹಳೆಯ ಇಗರ್ಜಿಯ ಕಟ್ಟಡದಲ್ಲಿ, ಹುಟ್ಟುಹಬ್ಬದ ಕೂಟವೊಂದರಲ್ಲಿ ನಡೆಯಿತು.

ಆ ಕಾಲಕ್ಕೆ ದೊಡ್ಡ ವ್ಯಾಪಾರಸಂಸ್ಥೆಗಳ ಆಶ್ರಯದಲ್ಲಿ ಬೆಳೆದ ರಾಕ್ ಸಂಗೀತವು ಒಂದು ಪ್ರವಾಹವಾಗಿ ಹರಿಯುತ್ತಿದ್ದಿತು. ಅದಕ್ಕೆ ಸೇರದೆ, ಸಣ್ಣ ಪ್ರಕಾಶಕರಿಂದ ಧ್ವನಿಮುದ್ರಿಕೆಗಳನ್ನು ಹೊರತಂದು, ಕಾಲೇಜುಗಳ ರೇಡಿಯೋ ಕೇಂದ್ರಗಳ ಮೂಲಕ ತರುಣರನ್ನು ಮುಟ್ಟುತ್ತಿದ್ದ ಮಾರ್ಗಕ್ಕೆ ಕಾಲಕ್ರಮದಲ್ಲಿ ‘ಆಲ್ಟರ್ನೇಟಿವ್ ರಾಕ್’, ಎಂದರೆ ಪರ್ಯಾಯಮಾರ್ಗದ ರಾಕ್, ಎಂಬ ಹೆಸರು ನಿಂತಿತು. ಈ ಮಾರ್ಗದ ಪ್ರವರ್ತಕರಲ್ಲಿ ಆರ್. ಇ. ಎಂ. ಗೋಷ್ಠಿಯು ಅಗ್ರಗಣ್ಯವಾದುದು. ೧೯೮೧ರಲ್ಲಿ ‘ರೇಡಿಯೋ ಫ್ರೀ ಯೂರೋಪ್’ ಎಂಬ ಗೀತವೂ, ೧೯೮೩ರಲ್ಲಿ ‘ಮರ್ಮರ್’ ಎಂಬ ಗೀತಸಂಪುಟವೂ ಹೊರಬಂದುವು. ಸಂಪುಟದ ಹೆಸರು ಅನ್ವರ್ಥವಾದುದು. ಸ್ಟೈಪನು ಪದಗಳನ್ನು ಬಿಡಿಸಿ ಉಚ್ಚರಿಸದೆ, ಗೊಣಗಿದಂತೆ, ವಾದ್ಯಧ್ವನಿಯೊಡನೆ ಬೆರಸಿ ಹಾಡುತ್ತಿದ್ದನು. ಕೇಳುವವರಿಗೆ ಅರ್ಥವಿರಲಿ, ಅಕ್ಷರವೇ ಗೋಚರವಾಗುತ್ತಿರಲಿಲ್ಲ. ಸಂಪುಟಗಳೊಡನೆ ಸಾಹಿತ್ಯವನ್ನು ಅಚ್ಚುಹಾಕಿಸುವ ಪದ್ಧತಿಯನ್ನೂ ಈ ಗೋಷ್ಠಿಯವರು ಇಟ್ಟುಕೊಂಡಿರಲಿಲ್ಲ. ೧೯೮೮ರ ‘ಗ್ರೀನ್’ ಎಂಬ ಸಂಪುಟದಲ್ಲಿ ಒಂದೇ ಒಂದು ಗೀತದ ಮಾತುಗಳು ಅಚ್ಚಾದುವು. ಇಡೀ ಸಂಪುಟದ ಸಾಹಿತ್ಯವು ಅಚ್ಚಾದುದು ೧೯೯೮ರ ‘ಅಪ್’ ಎಂಬುದರಲ್ಲಿಯೇ. ಆದುದರಿಂದ ಈ ಗೋಷ್ಠಿಯ ಶ್ರೋತೃಗಳು ಮೊದಲಿನಿಂದಲೂ ಪಾಠನಿರ್ಣಯ, ಅರ್ಥನಿರ್ಣಯಗಳೆರಡನ್ನೂ ತಾವೇ ಮಾಡಿಕೊಳ್ಳಬೇಕಾಗಿದ್ದಿತು.

ತಪ್ಪುಗ್ರಹಿಕೆಗೆ ಪೂರ್ವನಿದರ್ಶನವೂ ಉಂಟು. ೧೯೮೭ರಲ್ಲಿ ಹೊರಬಂದ ‘ದಿ ಒನ್ ಐ ಲವ್’ ಎಂಬ ಗೀತವು ಅಮೆರಿಕೆಯ ಜನಪ್ರಿಯಗೀತಗಳ ಪಟ್ಟಿಯಲ್ಲಿ ೯ನೆಯ ಸ್ಥಾನಕ್ಕೆ ಏರಿತು. ಶೀರ್ಷಿಕೆಯು ಪ್ರಿಯವ್ಯಕ್ತಿಯನ್ನು ಹೇಳುವುದರಿಂದ, ಪ್ರಣಯಿಗಳು ರೇಡಿಯೋ ಮೂಲಕ ಇದನ್ನು ಪರಸ್ಪರ ಅರ್ಪಿಸಿಕೊಳ್ಳುವುದು ರೂಢಿಯಾಯಿತು. ಗೀತದ ಮುಂದಿನ ಮಾತುಗಳಾದರೋ, ಆ ವ್ಯಕ್ತಿಯನ್ನು ಹೊತ್ತು ಕಳೆಯುವ ಸಾಧನವಾಗಿ ಮಾತ್ರ ಬಳಸಿಕೊಂಡ ಕ್ರೂರಹೃದಯದ ಮಾತುಗಳು. ಉಪಕ್ರಮವನ್ನು ಮಾತ್ರ ಕೇಳಿ ಶೇಷವನ್ನು ಕೇಳದವರ ಗತಿ ಹೀಗೆ.

೩

ಪ್ರಕೃತ ಗೀತದ ಜನ್ಮವು ಮಾತಿನಿಂದ ಆದುದಲ್ಲ, ವಾದ್ಯದಿಂದ ಆದುದು. ಪೀಟರ್ ಬಕ್ ಎಂಬವನು ಹೊಸದಾಗಿ ಮ್ಯಾಂಡೊಲಿನ್ ವಾದ್ಯವನ್ನು ಕಲಿಯುತ್ತಿದ್ದನು. ಮನೆಯಲ್ಲಿ ಟೆಲಿವಿಷನ್ ನೋಡುತ್ತ ತನ್ನಷ್ಟಕ್ಕೆ ತಾನು ನುಡಿಸಿ ಯಂತ್ರದಲ್ಲಿ ಮುದ್ರಿಸಿಕೊಂಡುದರಲ್ಲಿ ಈ ಗೀತದ ಮುಖ್ಯವಾದ ಸ್ವರಪಂಕ್ತಿಯು ದೊರೆಯಿತು. ೧೯೯೦ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ವುಡ್‌ಸ್ಟಾಕ್ ಬಳಿಯ ಬೇರ್ಸ್‌ವಿಲ್ ಮುದ್ರಣಶಾಲೆಯಲ್ಲಿ, ಸ್ಕಾಟ್ ಲಿಟ್ ಎಂಬವನ ನಿರ್ದೇಶನದಲ್ಲಿ ಗೀತವು ಮುದ್ರಿತವಾಯಿತು. ಅನಂತರ ಅಟ್ಲಾಂಟಾ ನಗರದ ವಾದ್ಯವೃಂದದ ಸದಸ್ಯರಿಂದ ತಂತೀವಾದ್ಯಗಳನ್ನು ನುಡಿಸಿ ಸೇರಿಸಲಾಯಿತು. ರಾಕ್ ಸಂಗೀತದಲ್ಲಿ ಮ್ಯಾಂಡೊಲಿನ್ ಪ್ರಧಾನವಾದ್ಯವಾಗುವುದು ವಿರಳ; ಮೇಲಾಗಿ ಈ ಗೀತದಲ್ಲಿ ಜನಪ್ರಿಯಗೀತಗಳಲ್ಲಿರುವಂತಹ ಸ್ಪಷ್ಟವಾದ ಪಲ್ಲವಿಯೂ ಇಲ್ಲ. ಹೀಗಿದ್ದರೂ ಅದು ಅಮೆರಿಕೆಯ ಪಟ್ಟಿಯಲ್ಲಿ ೪ನೆಯ ಸ್ಥಾನಕ್ಕೆ ಏರಿತು. ಇದನ್ನೊಳಗೊಂಡ ‘ಔಟ್ ಆಫ್ ಟೈಮ್’ ಎಂಬ ಸಂಪುಟವು ಅಮೆರಿಕೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಪ್ರಥಮಸ್ಥಾನವನ್ನು ಪಡೆಯಿತು. ೧೯೯೨ರಲ್ಲಿ ಗೀತಕ್ಕೆ ಎರಡು ಗ್ರಾಮಿ ಪ್ರಶಸ್ತಿಗಳೂ, ಸಂಪುಟಕ್ಕೆ ಒಂದೂ ಲಭಿಸಿದುವು.

ಈ ಯಶಸ್ಸಿನಿಂದ ಒಂದು ವಿಶೇಷವು ಸಂಭವಿಸಿತು. ಗೋಷ್ಠಿಯ ಮಾತು, ಇಂಗ್ಲಿಷನ್ನು ಮಾತೃಭಾಷೆಯಾಗಿ ಉಳ್ಳವರನ್ನೂ ದಾಟಿ, ಯೂರೋಪು, ದಕ್ಷಿಣ ಅಮೆರಿಕಾ, ಏಷ್ಯಾ ಖಂಡಗಳವರೆಗೆ ಹರಡಿತು. ಒಂದು ಸೀಮೆಯಲ್ಲಿ ಹುಟ್ಟಿದ ನುಡಿ ಆ ಸೀಮೆಯನ್ನರಿಯದವರ ಕಿವಿಗೆ ಬಿದ್ದಿತು. ಅರ್ಥವಿವಾದದ ಬೀಜವು ಇಲ್ಲಿದೆ.

ಗೀತದ ಸಾರವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ವಕ್ತೃವು ಇನ್ನೊಬ್ಬ ವ್ಯಕ್ತಿಯನ್ನು ಸಂಬೋಧಿಸುತ್ತಾನೆ. ಇಬ್ಬರ ನಡುವೆ ದೂರವಿದೆ. ತಾನು ಆಡಿದುದು ಅತಿಯಾಯಿತೋ ಸಾಲದಾಯಿತೋ ಎಂದು ಅವನು ಮತ್ತೆ ಮತ್ತೆ ಶಂಕಿಸುತ್ತಾನೆ. ಒಂದು ಮೂಲೆಯಲ್ಲಿ ನಿಂತವನು ತಾನೇ, ರಂಗದೀಪದ ಬೆಳಕಿನಲ್ಲಿ ಸಿಕ್ಕಿದವನೂ ತಾನೇ ಎಂದು ತನ್ನನ್ನು ತಾನೇ ಹೊರಗಿನಿಂದ ನೋಡಿಕೊಳ್ಳುತ್ತಾನೆ. ಆ ವ್ಯಕ್ತಿಯ ನಗೆಯನ್ನೂ ಗಾನವನ್ನೂ ಕೇಳಿದಂತೆ ಅವನಿಗೆ ಭಾಸವಾಗುತ್ತದೆ. ಕಡೆಗೆ ಅದೆಲ್ಲವೂ ಸ್ವಪ್ನಮಾತ್ರವೆಂದು ಹೇಳಿ ವಿರಮಿಸುತ್ತಾನೆ. ನಡುವೆ, ಪಾಪನಿವೇದನೆಗೆ ಕ್ರೈಸ್ತರು ಬಳಸುವ ಪದವೂ, ಮೊಣಕಾಲೂರುವ ಸ್ಥಿತಿಯ ಪ್ರಸ್ತಾಪವೂ ಬರುತ್ತವೆ.

೪

ಇನ್ನು ಪೂರ್ವಪಕ್ಷ. ಇದು ದೇವರಲ್ಲಿ ನಂಬಿಕೆಯನ್ನು ಕಳೆದುಕೊಂಡವನ ಗೀತವೆಂಬುದು ಅಭಿಧಾವಾದಿಗಳ ಮತ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಇದಕ್ಕೆ ಪೋಷಕವಾದ ಸಾಮಗ್ರಿಯು ಸಾಕಷ್ಟಿದೆ. ಮೊದಲನೆಯದಾಗಿ, ಶೀರ್ಷಿಕೆಯ ಶಬ್ದಗಳು ಪ್ರಸಿದ್ಧಾರ್ಥಗಳು. ಅವುಗಳಲ್ಲಿ ಕ್ಲಿಷ್ಟವಾದುದು ಒಂದೂ ಇಲ್ಲ. ಎರಡನೆಯದಾಗಿ, ಪಾಪನಿವೇದನೆ, ಮೊಣಕಾಲೂರುವಿಕೆ ಎಂಬಿವು ಉಪಾಸನೆಯ ಅಂಗಗಳು. ಮೂರನೆಯದಾಗಿ, ಸಂಬೋಧಿತವಾದ ವ್ಯಕ್ತಿಯು ಎಲ್ಲಿಯೂ ಉತ್ತರಕೊಡುವುದಿಲ್ಲ. ಕರೆದರೂ ಮಾತನಾಡದವನು ದೇವರಲ್ಲದೆ ಮತ್ತಾರು ಎಂಬ ಊಹೆಗೆ ಅವಕಾಶವಿದೆ.

ನಾಲ್ಕನೆಯದು ಗೀತದ ದೃಶ್ಯರೂಪ. ಇದನ್ನು ನಿರ್ದೇಶಿಸಿದವನು ೧೯೬೧ರಲ್ಲಿ ಪಂಜಾಬಿನ ಜಲಂಧರದಲ್ಲಿ ಹುಟ್ಟಿದ ತರ್ಸೆಮ್ ಸಿಂಗ್. ಕೊಲಂಬಿಯಾ ದೇಶದ ಕಥೆಗಾರನಾದ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸನ, ನೆಲಕ್ಕೆ ಬಿದ್ದ ರೆಕ್ಕೆಯುಳ್ಳ ಮುದುಕನ ಕಥೆಯಿಂದಲೂ, ಇಟಲಿಯ ವರ್ಣಚಿತ್ರಕಾರನಾದ ಕಾರವಾಜ್ಜೋ ಎಂಬವನ ನೆರಳುಬೆಳಕುಗಳ ವಿನ್ಯಾಸದಿಂದಲೂ ಅವನು ಪ್ರೇರಣೆಯನ್ನು ಪಡೆದನು. ಬಾಣಗಳಿಂದ ವಿದ್ಧನಾದ ಸಂತ ಸೆಬಾಸ್ಟಿಯನ್ ಮೊದಲಾದ ಧಾರ್ಮಿಕ ಪ್ರತಿಮೆಗಳು ಅದರಲ್ಲಿ ಕಾಣಬರುತ್ತವೆ. ೧೯೯೧ರ ಎಂ. ಟಿ. ವಿ. ದೃಶ್ಯಗೀತ ಪ್ರಶಸ್ತಿಗಳಲ್ಲಿ ಇದು ಆರನ್ನು ಗಳಿಸಿತು. ಗೀತವನ್ನು ಮೊದಲು ಕಿವಿಯಿಂದ ಕೇಳದೆ ಕಣ್ಣಿನಿಂದ ಕಂಡವರೇ ಅಸಂಖ್ಯಾತರು. ಅವರಿಗೆ ಸಂತರೂ ದೇವದೂತರೂ ಕಂಡಮೇಲೆ ಶೀರ್ಷಿಕೆಗೆ ಬೇರೆ ಅರ್ಥವುಂಟೆಂಬ ಶಂಕೆಯೇ ಹುಟ್ಟಲು ಕಾರಣವಿರಲಿಲ್ಲ.

ಐದನೆಯದು ಅನಂತರದವರ ಪ್ರಯೋಗ. ಮೆಥಡಿಸ್ಟ್ ಪಂಥದ ಧರ್ಮೋಪದೇಶಕನೊಬ್ಬನ ಮಗಳಾದ ಟೋರಿ ಏಮಸ್ ಎಂಬ ಗಾಯಿಕೆಯು ೧೯೯೫ರಲ್ಲಿ ಈ ಗೀತವನ್ನು ‘ಹೈಯರ್ ಲರ್ನಿಂಗ್’ ಎಂಬ ಚಲಚ್ಚಿತ್ರಕ್ಕಾಗಿ ಹಾಡಿದಳು. ಹಾಡುವವರ ಹಿನ್ನೆಲೆಯು ಬದಲಾದುದರಿಂದ ಅದೇ ಶಬ್ದಗಳಿಗೆ ಬೇರೊಂದು ಛಾಯೆಯು ಬಂದಿತು. ೨೦೧೦ನೆಯ ಅಕ್ಟೋಬರಿನಲ್ಲಿ ‘ಗ್ಲೀ’ ಎಂಬ ಅಮೆರಿಕೆಯ ಟೆಲಿವಿಷನ್ ನಾಟಕಮಾಲೆಯಲ್ಲಿ, ದೈವಶ್ರದ್ಧೆಯನ್ನು ಕಳೆದುಕೊಂಡ ಹುಡುಗನೊಬ್ಬನು ತನ್ನ ಮನಃಸ್ಥಿತಿಯನ್ನು ಸಹಪಾಠಿಗಳಿಗೆ ತಿಳಿಸಲು ಇದೇ ಗೀತವನ್ನು ಹಾಡುತ್ತಾನೆ. ಅಲ್ಲಿ ಅಭಿಧಾರ್ಥವೇ ಕಥೆಗೆ ಆಧಾರ. ಹೀಗೆ ಪೂರ್ವಪಕ್ಷವು ಕೇವಲ ಅಜ್ಞಾನದಿಂದ ಹುಟ್ಟಿದುದಲ್ಲ. ಅದಕ್ಕೆ ತನ್ನದೇ ಆದ ಚರಿತ್ರೆಯುಂಟು.

ಇದರ ಜೊತೆಗೆ ಇನ್ನೊಂದು ಉಪಪಕ್ಷವೂ ಇದೆ. ರಂಗದೀಪದ ಮಾತು ಬಂದಿರುವುದರಿಂದ, ಪ್ರಸಿದ್ಧನಾದ ಗಾಯಕನು ತನ್ನ ಖ್ಯಾತಿಯ ಭಾರವನ್ನು ಕುರಿತು ಶ್ರೋತೃಗಳೊಡನೆ ಆಡಿದ ಮಾತು ಇದೆಂದು ಅವರು ಹೇಳುತ್ತಾರೆ. ಇದರ ಬಲಾಬಲವೂ ಮುಂದೆ ತಿಳಿಯುತ್ತದೆ.

೫

ಅನೇಕಾರ್ಥವಾದ ಶಬ್ದವನ್ನು ಒಂದು ಅರ್ಥದಲ್ಲಿ ನಿಲ್ಲಿಸತಕ್ಕ ಹೇತುಗಳನ್ನು ಭರ್ತೃಹರಿಯು ವಾಕ್ಯಪದೀಯದಲ್ಲಿ ಎಣಿಸಿದ್ದಾನೆ. ಸಂಯೋಗ, ವಿಪ್ರಯೋಗ, ಸಾಹಚರ್ಯ, ಪ್ರಕರಣ, ಲಿಂಗ, ಶಬ್ದಾಂತರಸನ್ನಿಧಿ ಮೊದಲಾದುವುಗಳ ನಡುವೆ ದೇಶವೆಂಬುದನ್ನೂ ಅವನು ಹೇಳಿದ್ದಾನೆ. ಮಾತು ಯಾವ ದೇಶದಲ್ಲಿ ಆಡಲ್ಪಟ್ಟಿತು ಎಂಬುದನ್ನು ಕೇಳದೆ ಅರ್ಥವನ್ನು ನಿಶ್ಚಯಿಸಲಾಗದೆಂಬುದು ಇದರ ಭಾವ. ಪೂರ್ವಪಕ್ಷಿಗಳು ಲಕ್ಷ್ಯಕ್ಕೆ ತಾರದೆ ಹೋದ ಹೇತು ಇದೊಂದೇ.

ಅಮೆರಿಕೆಯ ದಕ್ಷಿಣ ಸೀಮೆಯ ಆಡುಮಾತಿನಲ್ಲಿ, ಒಬ್ಬನ ಸೈರಣೆ ತಪ್ಪಿದಾಗ, ಸಿಟ್ಟು ಮೀರಿದಾಗ, ಇನ್ನು ತಡೆಯಲಾರೆನೆಂಬ ಸ್ಥಿತಿ ಬಂದಾಗ, ‘ಮತಶ್ರದ್ಧೆಯನ್ನು ಕಳೆದುಕೊಂಡೆ’ ಎಂದು ಹೇಳುವ ರೂಢಿಯುಂಟು. ಧರ್ಮಭೀರುವಾದ ಮನುಷ್ಯನನ್ನೂ ಸಭ್ಯತೆಯ ಎಲ್ಲೆ ಮೀರುವಂತೆ ಮಾಡುವಷ್ಟು ಪೀಡೆ ಎಂಬುದು ಅದರ ಮೂಲಭಾವ. ದಿನಬಳಕೆಯಲ್ಲಿ ಆಡುವವನಿಗೂ ಕೇಳುವವನಿಗೂ ದೇವರ ಅಥವಾ ಇಗರ್ಜಿಯ ನೆನಪು ಬರಬೇಕೆಂಬ ನಿಯಮವಿಲ್ಲ. ಸ್ಟೈಪನು ತಾನು ಈ ದಾಕ್ಷಿಣಾತ್ಯ ನುಡಿಯನ್ನೇ ತೆಗೆದುಕೊಂಡೆನೆಂದೂ, ಗೀತದ ವಿಷಯವು ಪ್ರತಿಫಲವಿಲ್ಲದ ಪ್ರೇಮವೆಂದೂ, ಮತದೊಡನೆ ಅದಕ್ಕೆ ಸಂಬಂಧವಿಲ್ಲವೆಂದೂ ತಿಳಿಸಿದ್ದಾನೆ. ಕೂಟವೊಂದರಲ್ಲಿ ಗೋಡೆಗೆ ಅಂಟಿಕೊಂಡು ನಿಂತು, ತಾನು ಮೆಚ್ಚಿದವರ ಹತ್ತಿರ ಹೋಗಲಾರದ ಸಂಕೋಚಸ್ವಭಾವದವನೇ ಇಲ್ಲಿನ ವಕ್ತೃ.

ಇದು ಆಲಂಕಾರಿಕರು ಹೇಳುವ ರೂಢಿಲಕ್ಷಣೆ. ಮಮ್ಮಟನು ಇದಕ್ಕೆ ‘ಕುಶಲ’ ಶಬ್ದವನ್ನು ಉದಾಹರಿಸುತ್ತಾನೆ. ದರ್ಭೆಯನ್ನು ಕೊಯ್ಯುವವನು ಎಂಬ ಅವಯವಾರ್ಥವು ಮರೆತುಹೋಗಿ, ನಿಪುಣನೆಂಬ ಅರ್ಥವೇ ಎದ್ದು ನಿಂತಿದೆ. ಕನ್ನಡದಲ್ಲಿಯೂ ಇಂತಹವು ಹೇರಳವಾಗಿವೆ. ‘ಅವನು ಕೈಕೊಟ್ಟನು’ ಎಂದರೆ ಮೋಸಮಾಡಿದನೆಂದು ಕನ್ನಡಿಗನು ಕೂಡಲೇ ತಿಳಿಯುತ್ತಾನೆ. ಕನ್ನಡವನ್ನು ಕೋಶದಿಂದ ಕಲಿತ ಪರದೇಶದವನು ಸಹಾಯಹಸ್ತವನ್ನು ನೀಡಿದನೆಂದು ಬಗೆದು, ದೂಷಣೆಯನ್ನು ಸ್ತುತಿಯೆಂದು ಭ್ರಮಿಸಬಹುದು. ‘ಹೊಟ್ಟೆಕಿಚ್ಚು’ ಎಂಬುದನ್ನು ಕೇಳಿ ವೈದ್ಯನನ್ನು ಕರೆಯಲು ಹೊರಡಬಹುದು. ಅವನ ವ್ಯಾಕರಣದಲ್ಲಿ ತಪ್ಪಿಲ್ಲ, ಕೋಶದಲ್ಲಿಯೂ ತಪ್ಪಿಲ್ಲ, ದೇಶಜ್ಞಾನವಿಲ್ಲದುದೊಂದೇ ದೋಷ. ‘ಲೂಸಿಂಗ್ ಮೈ ರಿಲಿಜನ್’ ಗೀತದ ವಿಷಯದಲ್ಲಿ ಜಗತ್ತಿನ ಬಹುಭಾಗವು ಈ ಪರದೇಶದವನ ಸ್ಥಿತಿಯಲ್ಲಿದ್ದಿತು. ಮುಖ್ಯಾರ್ಥಕ್ಕೆ ಬಾಧೆಯು ತೋರಿದರಲ್ಲವೆ ಲಕ್ಷಣೆಯನ್ನು ಅರಸಬೇಕಾದುದು! ಇಲ್ಲಿ ಮುಖ್ಯಾರ್ಥವೇ ಗಂಭೀರವಾಗಿಯೂ ಸುಸಂಗತವಾಗಿಯೂ ಕಾಣುವುದರಿಂದ, ಬಾಧೆಯು ಯಾರಿಗೂ ತೋರಲಿಲ್ಲ.

೬

ಕವಿಯ ಮಾತನ್ನೇ ಪ್ರಮಾಣವಾಗಿ ಹಿಡಿದು ವಿವಾದವನ್ನು ಮುಗಿಸಬಾರದೇಕೆ ಎಂದರೆ, ಕವಿಗಳು ತಮ್ಮ ಕೃತಿಯ ವಿಷಯದಲ್ಲಿ ಆಡುವ ಮಾತು ಒಂದು ಸಾಕ್ಷ್ಯವೇ ಹೊರತು ತೀರ್ಪಲ್ಲ. ಕೃತಿಯು ಆ ಸಾಕ್ಷ್ಯಕ್ಕೆ ಅನುಕೂಲವಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಮೀಮಾಂಸಕರು ತಾತ್ಪರ್ಯನಿರ್ಣಯಕ್ಕೆ ಹೇಳುವ ಉಪಕ್ರಮೋಪಸಂಹಾರ, ಅಭ್ಯಾಸ, ಉಪಪತ್ತಿ ಎಂಬ ಲಿಂಗಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಗೀತದ ಉಪಕ್ರಮದಲ್ಲಿ ವಕ್ತೃವಿಗೂ ಸಂಬೋಧಿತವ್ಯಕ್ತಿಗೂ ನಡುವೆ ಇರುವ ದೂರವು, ಆ ವ್ಯಕ್ತಿಯ ಕಣ್ಣುಗಳಲ್ಲಿ ಕಾಣುವ ದೂರವಾಗಿ ಹೇಳಲ್ಪಟ್ಟಿದೆ. ಉಪಸಂಹಾರದಲ್ಲಿ ನಗೆ, ಗಾನ, ಪ್ರಯತ್ನಗಳನ್ನು ಆ ವ್ಯಕ್ತಿಯಲ್ಲಿ ಕಂಡೆನೆಂಬ ಭ್ರಮೆಯೂ, ಅದು ಸ್ವಪ್ನವೆಂಬ ಅರಿವೂ ಇವೆ. ಕಣ್ಣು, ನಗೆ, ಹಾಡು ಎಂಬಿವು ಮನುಷ್ಯವ್ಯಕ್ತಿಗೆ ಸಹಜವಾಗಿ ಹೊಂದತಕ್ಕುವು. ಅಭ್ಯಾಸವಾಗಿ, ಎಂದರೆ ಪುನಃಪುನಃ, ಬರುವುದು ಮಾತು ಅತಿಯಾಯಿತೋ ಸಾಲದೋ ಎಂಬ ತಳಮಳ. ಇದು ಸರ್ವಜ್ಞನಾದ ದೇವರೆದುರಿಗೆ ಉಂಟಾಗುವ ತಳಮಳವಲ್ಲ; ತನ್ನ ಮನಸ್ಸನ್ನು ಅರಿಯದ ಇನ್ನೊಬ್ಬ ಮನುಷ್ಯನೆದುರಿಗೆ ಉಂಟಾಗತಕ್ಕದ್ದು. ದೇವರು, ಇಗರ್ಜಿ, ಧರ್ಮಗ್ರಂಥ, ಪರಲೋಕ ಎಂಬ ಶಬ್ದಗಳಲ್ಲಿ ಒಂದೂ ಗೀತದಲ್ಲಿಲ್ಲವೆಂಬುದನ್ನೂ ಗಮನಿಸಬೇಕು.

ಇದಕ್ಕೆ ಪಾಠಾಂತರದ ಬೆಂಬಲವೂ ದೊರೆಯುತ್ತದೆ. ೨೦೨೦ರಲ್ಲಿ ‘ಸಾಂಗ್ ಎಕ್ಸ್‌ಪ್ಲೋಡರ್’ ಎಂಬ ದೃಶ್ಯಮಾಲಿಕೆಯಲ್ಲಿ ಈ ಗೀತದ ರಚನಾಕ್ರಮವನ್ನು ವಿವರಿಸುತ್ತ, ಮೂಲೆಯೆಂದಿರುವ ಕಡೆ ಮೊದಲು ಅಡುಗೆಮನೆಯೆಂಬ ಪದವಿದ್ದಿತೆಂದು ಸ್ಟೈಪನು ತಿಳಿಸಿದನು. ಈ ಒಂದು ಪದವು ಬಹಳ ಉಪಕಾರಿಯಾದುದು. ಅಡುಗೆಮನೆಯೆಂಬುದು ಗೃಹಸ್ಥನ ಮನೆಯ ಕೂಟವನ್ನು, ಅಲ್ಲಿ ಜನಸಂದಣಿಯಿಂದ ಒಳಗೆ ಸರಿದು ನಿಂತವನನ್ನು ಕಣ್ಣೆದುರಿಗೆ ತರುತ್ತದೆ. ದೇವರಿಂದ ದೂರವಾದವನ ಚಿತ್ರಕ್ಕೆ ಅಡುಗೆಮನೆಯು ಹೊಂದದು. ಖ್ಯಾತಿಯಿಂದ ನೊಂದ ಗಾಯಕನ ಚಿತ್ರಕ್ಕೂ ಹೊಂದದು. ಪದವನ್ನು ತಿದ್ದಿ ಮೂಲೆಯೆಂದು ಮಾಡಿದುದರಿಂದ ಮನೆಯು ಮರೆಯಾಗಿ ಒಂಟಿತನ ಮಾತ್ರ ಉಳಿಯಿತು. ಅದರೊಡನೆಯೇ ಗೀತದ ಸಂದಿಗ್ಧತೆಯೂ ಬೆಳೆಯಿತು. ಹೀಗೆ ಸಂಕೋಚಸ್ವಭಾವದ ಪ್ರೇಮಿಯ ಸೈರಣೆ ತಪ್ಪಿದ ಸ್ಥಿತಿಯೇ ಗೀತದ ವಿವಕ್ಷಿತಾರ್ಥವೆಂಬುದು ಕವಿಯ ಮಾತಿನಿಂದಲೂ ಕೃತಿಯ ಲಿಂಗಗಳಿಂದಲೂ ಸಿದ್ಧವಾಗುತ್ತದೆ.

೭

ಆದರೆ ಇಷ್ಟಕ್ಕೆ ನಿಲ್ಲಿಸಿದರೆ ಗೀತಕ್ಕೆ ಅನ್ಯಾಯವಾಗುತ್ತದೆ. ‘ಸೈರಣೆ ತಪ್ಪಿದೆ’ ಎಂಬುದಷ್ಟೇ ಹೇಳಬೇಕಾಗಿದ್ದರೆ ಇಂಗ್ಲಿಷಿನಲ್ಲಿ ಬೇರೆ ನುಡಿಗಳಿಗೆ ಬರವಿಲ್ಲ. ಪಾಪನಿವೇದನೆಯ ಪದವನ್ನೂ ಮೊಣಕಾಲೂರುವಿಕೆಯನ್ನೂ ಅದೇ ಗೀತದಲ್ಲಿ ಇರಿಸುವ ಅಗತ್ಯವೂ ಇರಲಿಲ್ಲ. ರೂಢಿಲಕ್ಷಣೆಯಲ್ಲಿ ವ್ಯಂಗ್ಯವಿಲ್ಲವೆಂದು ಮಮ್ಮಟನು ಹೇಳುತ್ತಾನೆ, ಅದು ಸರಿಯೇ. ಪೇಟೆಯಲ್ಲಿ ಚೌಕಾಸಿಮಾಡುವಾಗ ದಾಕ್ಷಿಣಾತ್ಯನೊಬ್ಬನು ಈ ನುಡಿಯನ್ನು ಆಡಿದರೆ ಅದರಲ್ಲಿ ಧ್ವನಿಯನ್ನು ಹುಡುಕತಕ್ಕದ್ದಿಲ್ಲ. ಆದರೆ ದರ್ಭೆಯನ್ನು ಕೊಯ್ಯುತ್ತ ಬೆರಳನ್ನು ಗಾಯಮಾಡಿಕೊಂಡ ವಟುವನ್ನು ನೋಡಿ ಯಾವನಾದರೂ ‘ಇವನು ಬಹಳ ಕುಶಲನು’ ಎಂದರೆ, ಮಲಗಿದ್ದ ಅವಯವಾರ್ಥವು ಥಟ್ಟನೆ ಎಚ್ಚರಗೊಳ್ಳುತ್ತದೆ. ಎಚ್ಚರಿಸಿದುದು ಪ್ರಕರಣ. ಪ್ರಕೃತದಲ್ಲಿ ಎಚ್ಚರಿಸುವುದು ಶಬ್ದಾಂತರಸನ್ನಿಧಿ. ನಿವೇದನೆ, ಮೊಣಕಾಲು ಎಂಬ ಶಬ್ದಗಳ ನೆರೆಯಲ್ಲಿ ನಿಂತುದರಿಂದ, ರೂಢಿಯಲ್ಲಿ ಸವೆದುಹೋಗಿದ್ದ ‘ಮತಶ್ರದ್ಧೆ’ಯು ಮತ್ತೆ ಪ್ರಾಣವನ್ನು ಪಡೆಯುತ್ತದೆ. ಆದರೆ ಅದು ವಾಚ್ಯವಾಗಿ ಬಾರದೆ ವ್ಯಂಗ್ಯವಾಗಿ ಬರುತ್ತದೆ: ಈ ಪ್ರೇಮಿಗೆ ಪ್ರಿಯವ್ಯಕ್ತಿಯೇ ದೈವ, ತನ್ನ ಮನಸ್ಸನ್ನು ತೆರೆಯುವುದೇ ನಿವೇದನೆ, ಉತ್ತರವು ಬಾರದಿರುವುದೇ ಶ್ರದ್ಧಾಭಂಗ. ಮೊಣಕಾಲೂರುವುದು ಪ್ರಾರ್ಥನೆಗೂ, ಪ್ರಣಯಯಾಚನೆಗೂ, ಬಿದ್ದು ಸೋಲುವುದಕ್ಕೂ ಸಮಾನವಾದ ಭಂಗಿ. ಮೂರನ್ನೂ ಒಂದೇ ಮಾತು ಹೊತ್ತಿದೆ. ಇದು ಸಂದಿಗ್ಧವೆಂಬ ಕಾವ್ಯದೋಷವಲ್ಲ. ಅರ್ಥವು ತಿಳಿಯದೆ ನಿಲ್ಲುವುದು ದೋಷ. ಒಂದು ಅರ್ಥವು ತಿಳಿದ ಮೇಲೆ ಅದರ ಹಿಂದೆ ಇನ್ನೊಂದು ಮೊಳಗುವುದು ಗುಣ.

ಹಾಗಾದರೆ ನಿಜವಾಗಿಯೂ ದೈವಶ್ರದ್ಧೆಯನ್ನು ಕಳೆದುಕೊಂಡು, ಈ ಗೀತದಲ್ಲಿ ತನ್ನ ದುಃಖಕ್ಕೆ ನುಡಿಯನ್ನು ಕಂಡುಕೊಂಡ ಶ್ರೋತೃವಿನ ಗತಿಯೇನು? ಅವನು ತಪ್ಪಿದನೆಂದು ಹೇಳುವುದು ನಿಷ್ಕಾರುಣ್ಯ. ಅವನು ಕಂಡುದೇ ಗೀತದ ಅರ್ಥವೆಂದು ಹೇಳುವುದು ಅಸತ್ಯ. ಇಲ್ಲಿ ಮೀಮಾಂಸಕರು ಮಂತ್ರಗಳ ವಿಷಯದಲ್ಲಿ ಮಾಡುವ ವಿವೇಕವು ದಾರಿಯನ್ನು ತೋರಿಸುತ್ತದೆ. ಮಂತ್ರದ ಅರ್ಥವು ಬೇರೆ, ವಿನಿಯೋಗವು ಬೇರೆ. ಇಂದ್ರನನ್ನು ಸ್ತುತಿಸುವ ಋಕ್ಕಿನಿಂದ ಗಾರ್ಹಪತ್ಯಾಗ್ನಿಯನ್ನು ಉಪಸ್ಥಾನಮಾಡಬೇಕೆಂಬ ವಿಧಿಯಿದೆ. ಮಂತ್ರದ ಲಿಂಗವನ್ನು ನೋಡಿದರೆ ಅದು ಇಂದ್ರನದು. ವಿಧಿವಾಕ್ಯವನ್ನು ನೋಡಿದರೆ ಪ್ರಯೋಗವು ಅಗ್ನಿಗೆ. ಜೈಮಿನಿಯ ಮೂರನೆಯ ಅಧ್ಯಾಯದಲ್ಲಿ ಇದರ ಬಲಾಬಲವು ವಿಚಾರಿತವಾಗಿದೆ. ಶ್ರುತಿಯು ಪ್ರಬಲವಾದುದರಿಂದ ಪ್ರಯೋಗವು ಗಾರ್ಹಪತ್ಯಕ್ಕೇ ಸಲ್ಲುತ್ತದೆ, ಇಂದ್ರಶಬ್ದವು ಅಲ್ಲಿ ಗೌಣವಾಗುತ್ತದೆ. ಆದರೆ ಆ ಕಾರಣದಿಂದ ಆ ಋಕ್ಕು ಮೊದಲಿನಿಂದಲೂ ಅಗ್ನಿಯನ್ನು ಕುರಿತುದೆಂದು ಯಾವನೂ ಹೇಳುವುದಿಲ್ಲ.

ಅದರಂತೆಯೇ, ೨೦೧೦ರ ನಾಟಕಮಾಲೆಯ ಹುಡುಗನು ಗೀತವನ್ನು ತನ್ನ ಶ್ರದ್ಧಾಭಂಗಕ್ಕೆ ವಿನಿಯೋಗಿಸಿದನು. ತರ್ಸೆಮ್ ಸಿಂಗನು ಪತಿತನಾದ ದೇವದೂತನ ಕಥೆಗೆ ವಿನಿಯೋಗಿಸಿದನು. ಮನೆಯೊಳಗೆ ಒಬ್ಬನೇ ಕುಳಿತು ಕೇಳಿದ ಅಸಂಖ್ಯಾತ ಶ್ರೋತೃಗಳು ತಮ್ಮ ತಮ್ಮ ನಷ್ಟಗಳಿಗೆ ವಿನಿಯೋಗಿಸಿಕೊಂಡರು. ವಿನಿಯೋಗದಲ್ಲಿ ತಪ್ಪೆಂಬುದಿಲ್ಲ; ಗೀತವು ಧ್ವನಿಯ ಬಲದಿಂದ ಅದಕ್ಕೆ ಅನುವುಮಾಡಿಕೊಟ್ಟಿದೆ. ಆದರೆ ವಿನಿಯೋಗವನ್ನು ಅರ್ಥವೆಂದು ಬೋಧಿಸುವವನು, ಮಾತನ್ನು ಹುಟ್ಟಿಸಿದ ಸೀಮೆಯನ್ನು ಮಾತಿನಿಂದ ಅಳಿಸಿದಂತಾಗುತ್ತದೆ. ಒಂದು ಪ್ರಾಂತದ ಸಾಮಾನ್ಯಜನರು ತಲೆಮಾರುಗಳಿಂದ ಆಡಿಕೊಂಡು ಬಂದ ನುಡಿಗೆ, ಅದನ್ನರಿಯದ ಬಹುಸಂಖ್ಯೆಯವರ ಗ್ರಹಿಕೆಯೇ ಪ್ರಮಾಣವಾಗುವುದಾದರೆ, ಸಣ್ಣ ಸೀಮೆಗಳ ಮಾತಿಗೆ ರಕ್ಷಣೆಯೆಲ್ಲಿ? ಅರ್ಥವನ್ನು ಎಣಿಕೆಯಿಂದ ನಿರ್ಣಯಿಸುವುದು ಸಾಧುವಲ್ಲ.

೮

ಈ ವಿವೇಕವು ಕನ್ನಡದ ಉಪಾಧ್ಯಾಯರಿಗೆ ಭಾಷಾಂತರದ ಸಂದರ್ಭದಲ್ಲಿ ವಿಶೇಷವಾಗಿ ಬೇಕಾಗುತ್ತದೆ. ಈ ಶೀರ್ಷಿಕೆಯನ್ನು ಕನ್ನಡಿಸಹೊರಟವನು ಮೊದಲ ಪದದಲ್ಲಿಯೇ ಎಡವುತ್ತಾನೆ. ‘ಧರ್ಮ’ವೆಂದರೆ ಅಧರ್ಮಮಾಡಿದವನ ಪಶ್ಚಾತ್ತಾಪವೆಂಬಂತಾಗುತ್ತದೆ, ‘ಮತ’ವೆಂದರೆ ಮತಾಂತರದ ವಾಸನೆ ಬರುತ್ತದೆ, ಈಗಿನ ಬಳಕೆಯಲ್ಲಿ ಚುನಾವಣೆಯ ನೆನಪೂ ಬರುತ್ತದೆ, ‘ಶ್ರದ್ಧೆ’ಯೆಂದರೆ ಓದಿನಲ್ಲಿ ಆಸಕ್ತಿ ಕಡಮೆಯಾದಂತೆಯೂ ತೋರಬಹುದು. ‘ಸೈರಣೆಗೆಟ್ಟೆ’ ಎಂದರೆ ವಿವಕ್ಷಿತಾರ್ಥವು ಉಳಿಯುತ್ತದೆ, ಧ್ವನಿಯು ನಷ್ಟವಾಗುತ್ತದೆ. ಎರಡನ್ನೂ ಹೊತ್ತ ರೂಢಿಯನ್ನೇ ಹುಡುಕಬೇಕು. ಸಿಕ್ಕದಿದ್ದರೆ ಮೂಲದ ನುಡಿಯನ್ನು ಇಟ್ಟು ಟೀಕೆಯನ್ನು ಬರೆಯಬೇಕು. ಸಂಬೋಧನೆಯಲ್ಲಿ ಮಾತ್ರ ಕನ್ನಡವು ಇಂಗ್ಲಿಷಿಗಿಂತ ಹಿಂದೆ ಬೀಳುವುದಿಲ್ಲ. ದೇವರನ್ನೂ ಪ್ರಿಯವ್ಯಕ್ತಿಯನ್ನೂ ಕನ್ನಡಿಗನು ಒಂದೇ ‘ನೀನು’ ಎಂಬ ಪದದಿಂದ ಕರೆಯುತ್ತಾನೆ. ‘ನೀವು’ ಎಂದರೆ ಮಾತ್ರ ಇಬ್ಬರೂ ದೂರವಾಗುತ್ತಾರೆ.

ಆರ್. ಇ. ಎಂ. ಗೋಷ್ಠಿಯಿಂದ ಬಿಲ್ ಬೆರಿಯು ೧೯೯೭ರಲ್ಲಿ ನಿವೃತ್ತನಾದನು. ೨೦೧೧ನೆಯ ಸೆಪ್ಟೆಂಬರಿನಲ್ಲಿ ಗೋಷ್ಠಿಯು ವಿಸರ್ಜಿತವಾಯಿತು. ೨೦೨೪ನೆಯ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ‘ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್’ ಎಂಬ ಗೀತಕಾರರ ಸನ್ಮಾನಸಂಸ್ಥೆಯು ಇವರನ್ನು ಗೌರವಿಸಿದಾಗ, ನಾಲ್ವರೂ ಮತ್ತೆ ಒಂದುಗೂಡಿ ಹಾಡಿದುದು ಈ ಗೀತವನ್ನೇ. ಗೀತವನ್ನು ಪಾಠಹೇಳುವವರು ಮೊದಲು ಜಾರ್ಜಿಯಾ ಸೀಮೆಯ ರೂಢಿಯನ್ನು ತಿಳಿಸಬೇಕು. ಅನಂತರ ನೆರೆಶಬ್ದಗಳಿಂದ ಏಳುವ ಧ್ವನಿಯನ್ನು ತೋರಿಸಬೇಕು. ಕಟ್ಟಕಡೆಗೆ, ವಿದ್ಯಾರ್ಥಿಯು ಅದನ್ನು ತನ್ನ ಬಾಳಿನ ಯಾವ ನಷ್ಟಕ್ಕೆ ವಿನಿಯೋಗಿಸಿಕೊಂಡನೆಂಬುದನ್ನು ತಿದ್ದದೆ ಕೇಳಬೇಕು. ಕ್ರಮವು ತಿರುಗುಮುರುಗಾದರೆ ಮೂರೂ ಕೆಡುತ್ತವೆ.